ಅಪ್‌ಡೇಟ್ ಒತ್ತುವ ಮೊದಲು ಕೊಳ್ಳೇಗಾಲದ ‘ಳ್ಳ’ ನೋಡಿ

ಕೊಳ್ಳೇಗಾಲದ ರೇಷ್ಮೆ, ಹನೂರು ಸೀಮೆಯ ಮಾದಪ್ಪನ ಜಾತ್ರೆ, ಯಳಂದೂರಿನ ಬಳೆಮಂಟಪ ಇಂಥವುಗಳ ಬಗ್ಗೆ ವರ್ಡ್‌ಪ್ರೆಸ್‌ನಲ್ಲಿ ಬ್ಲಾಗು ಬರೆಯುವವರಿಗೆ ‘ಹೊಸ ಆವೃತ್ತಿ ಬಂದಿದೆ’ ಎಂಬ ಸೂಚನೆ ಆಗಾಗ ಕಾಣುತ್ತದೆ. ಒತ್ತಿದರೆ ಕೆಲವೇ ನಿಮಿಷದ ಕೆಲಸ. ಆದರೆ ಹೊಸ ಆವೃತ್ತಿಯನ್ನು ಪರೀಕ್ಷಿಸಿದವರಲ್ಲಿ ಹೆಚ್ಚಿನವರು ಕನ್ನಡದಲ್ಲಿ ಬರೆಯುವವರಲ್ಲ. ನಮ್ಮ ಅಕ್ಷರಗಳ ತೊಂದರೆ ನಮ್ಮ ಕಣ್ಣಿಗೇ ಬೀಳಬೇಕು.

ಮೊದಲು ಅಂಕಿ ನೋಡಿ. 6.4ರಿಂದ 6.4.1ಕ್ಕೆ ಹೋಗುವುದು ಸಣ್ಣ ರಿಪೇರಿ. ಇಂಥವು 2013ರ 3.7ನೇ ಆವೃತ್ತಿಯಿಂದೀಚೆಗೆ ಸಾಮಾನ್ಯವಾಗಿ ತಾವಾಗಿಯೇ ಕೂರುತ್ತವೆ. 6.3ರಿಂದ 6.4 ಮಾತ್ರ ದೊಡ್ಡ ಬದಲಾವಣೆ, ಪರೀಕ್ಷೆ ಬೇಕಾದದ್ದು ಇದಕ್ಕೆ. 2018ರ ಡಿಸೆಂಬರಿನಲ್ಲಿ 5.0 ಬಂದಾಗ ಬರೆಯುವ ಪರದೆಯೇ ಬದಲಾಗಿತ್ತು.

ಪರೀಕ್ಷೆ ನಡೆಯಬೇಕಾದದ್ದು ನಕಲಿನ ಮೇಲೆ. ಹೋಸ್ಟಿಂಗ್ ಕಂಪನಿ ‘ಸ್ಟೇಜಿಂಗ್’ (ಪರೀಕ್ಷೆಗೆಂದೇ ಇರುವ ನಕಲು ತಾಣ) ಕೊಟ್ಟಿದ್ದರೆ ಸರಿ, ಇಲ್ಲವಾದರೆ ಲ್ಯಾಪ್‌ಟಾಪಿನಲ್ಲೇ ಕ್ಸಾಂಪ್ ಎಂಬ ತಂತ್ರಾಂಶ ಹಾಕಿಕೊಳ್ಳಬಹುದು. ಬರಹವೆಲ್ಲ ಇರುವುದು ಡೇಟಾಬೇಸಿನಲ್ಲಿ. ಫೋಟೊ, ಥೀಮ್, ಪ್ಲಗಿನ್‌ಗಳು ಡಬ್ಲ್ಯುಪಿ-ಕಂಟೆಂಟ್ ಫೋಲ್ಡರಿನಲ್ಲಿ. ಎರಡನ್ನೂ ಇಳಿಸಿಕೊಂಡು ನಕಲಿನಲ್ಲಿ ಕೂರಿಸಿದರೆ ಬ್ಯಾಕಪ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ಅಕ್ಷರಗಳ ಜಾಗದಲ್ಲಿ ವಿಚಿತ್ರ ರೋಮನ್ ಗುರುತುಗಳು ಬಂದಿದ್ದರೆ ಹೆದರಬೇಡಿ, ಎನ್‌ಕೋಡಿಂಗ್ ತಪ್ಪಿದೆ, ಬಹುತೇಕ ಸರಿಯಾಗುತ್ತದೆ. ಡೇಟಾಬೇಸಿನೊಳಗೇ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕೂತಿದ್ದರೆ ಆ ನಕಲಿನಲ್ಲಿ ಅಕ್ಷರಗಳು ಹೋದಂತೆಯೇ. ಮೂಲದಿಂದ ಮತ್ತೆ ತೆಗೆಯಬೇಕು.

ಇನ್ನು ನಕಲನ್ನು ಅಪ್‌ಡೇಟ್ ಮಾಡಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ತೆರೆಯಿರಿ. ಶೀರ್ಷಿಕೆಯಲ್ಲಿ ‘ಕೊಳ್ಳೇಗಾಲ’ ಎಂದಿರುವ ಪುಟವೊಂದನ್ನು ಮೊಬೈಲಿನಲ್ಲಿ ನೋಡಿ. ಥೀಮ್ ಸಾಲುಗಳ ಅಂತರ ಕಡಿಮೆ ಮಾಡಿದ್ದರೆ ‘ಳ್ಳೇ’ಯ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಇಲ್ಲವೇ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ‘ರ‍್ಯಾಂಕ್’ ಎಂದು ಬರೆದು ಉಳಿಸಿ, ಮತ್ತೆ ತೆರೆಯಿರಿ. ನಡುವಿನ ಅದೃಶ್ಯ ಜೋಡಕ ಕಳೆದುಹೋದರೆ ಅದು ಅರ್ಕಾವತ್ತಿನ ‘ರ್ಯಾಂಕ್’ ಆಗಿರುತ್ತದೆ.

ಕೊಂಡಿಗಳದ್ದು ಬೇರೆಯೇ ಕಥೆ. ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತವೂ ಶೇಕಡಾ ಗುರುತು, ರೋಮನ್ ಅಕ್ಷರ, ಅಂಕಿ ಸೇರಿ ಒಂಬತ್ತು ಚಿಹ್ನೆಗಳಾಗಿ ಬದಲಾಗುತ್ತದೆ. ಕಾಗುಣಿತದ ಗುರುತು, ಸೊನ್ನೆ, ಒತ್ತಿನ ಗುರುತು ಎಲ್ಲವೂ ಲೆಕ್ಕಕ್ಕೆ. ವರ್ಡ್‌ಪ್ರೆಸ್ ವಿಳಾಸದ ಶೀರ್ಷಿಕೆ ಭಾಗಕ್ಕೆ ಕೊಟ್ಟಿರುವ ಜಾಗ ಇಂಥ 200 ಚಿಹ್ನೆಗಳದ್ದು. ‘ಬಿಳಿಗಿರಿರಂಗನಬೆಟ್ಟದ ಸೋಲಿಗರು’ ಎಂಬ ಶೀರ್ಷಿಕೆಯಲ್ಲಿ ಬೆಟ್ಟವೇ 162 ನುಂಗಿ, ನಡುವಿನ ಅಡ್ಡಗೆರೆ ಒಂದು ಪಡೆದು, ವಿಳಾಸ ‘ಸೋಲಿ’ಗೆ ನಿಂತುಬಿಡುತ್ತದೆ. ಇದು ಹೊಸ ಬಗ್ ಅಲ್ಲ, ಹಳೆಯ ಮಿತಿ. ಹಳೆಯ ಪ್ರತಿ ಪಕ್ಕದಲ್ಲಿದ್ದರೆ ಈ ವ್ಯತ್ಯಾಸ ತಿಳಿಯುತ್ತದೆ. ವಾಟ್ಸ್ಆ್ಯಪಿನಲ್ಲಿ ಹಂಚಿದ ಹಳೆಯ ಕೊಂಡಿ ತೆರೆಯದಿದ್ದರೆ ಮಾತ್ರ ಏನೋ ಮುರಿದಿದೆ ಎಂದರ್ಥ.

ನಿಜವಾದ ಬ್ಲಾಗಿಗೆ ಕೈಹಾಕುವಾಗ ನೆಟ್‌ವರ್ಕ್ ಗಟ್ಟಿಯಿರುವ ಕಡೆ ಕೂರಿ, ಮಹದೇಶ್ವರ ಬೆಟ್ಟದ ದಾರಿಯಲ್ಲಿ ಬಸ್ಸಿನಲ್ಲಿ ಕೂತು ಬೇಡ. ನಡುವೆ ನಿಂತುಹೋಗಿ ‘ನಿರ್ವಹಣೆ ನಡೆಯುತ್ತಿದೆ’ ಎಂಬ ಸಂದೇಶವೇ ಉಳಿದರೆ, ಬ್ಲಾಗಿನ ಮೂಲ ಫೋಲ್ಡರಿನಲ್ಲಿರುವ ‘.ಮೇಂಟೆನೆನ್ಸ್’ ಫೈಲನ್ನು ಅಳಿಸಿ, ಅಪ್‌ಡೇಟ್ ಮತ್ತೊಮ್ಮೆ ನಡೆಸಿ. ಪ್ಲಗಿನ್ ಕೆಟ್ಟು ಬ್ಲಾಗು ಬಿದ್ದರೆ, 2019ರ 5.2ರಿಂದ ವರ್ಡ್‌ಪ್ರೆಸ್ ಒಳಹೋಗುವ ಗುಟ್ಟಿನ ಕೊಂಡಿಯನ್ನು ನಿರ್ವಾಹಕರ ಇಮೇಲಿಗೆ ಕಳಿಸುತ್ತದೆ. ಆ ಇಮೇಲ್ ಈಗಲೂ ನಿಮ್ಮ ಕೈಯಲ್ಲಿದೆಯೇ?

ತಪ್ಪು ಸಿಕ್ಕರೆ ನಕಲಿನಲ್ಲಿ ಪ್ಲಗಿನ್‌ಗಳನ್ನೆಲ್ಲ ನಿಷ್ಕ್ರಿಯಗೊಳಿಸಿ, ವರ್ಡ್‌ಪ್ರೆಸ್‌ನದೇ ಥೀಮ್ ಹಾಕಿ ನೋಡಿ. ಮಾಯವಾದರೆ ಹಳೆಯ ಥೀಮನ್ನೂ ಪ್ಲಗಿನ್‌ಗಳನ್ನೂ ಒಂದೊಂದಾಗಿ ಮತ್ತೆ ಹಚ್ಚುತ್ತ ಹೋಗಿ, ಕಳ್ಳ ಸಿಕ್ಕಿಬೀಳುತ್ತಾನೆ. ಆಗಲೂ ಉಳಿದರೆ ವರ್ಡ್‌ಪ್ರೆಸ್‌ನ ದೋಷ ದಾಖಲಿಸುವ ತಾಣವಾದ ಟ್ರ್ಯಾಕ್‌ನಲ್ಲಿ ದೂರು ದಾಖಲಿಸಿ: ಯಾವ ಆವೃತ್ತಿ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಕನ್ನಡ ಪದವನ್ನು ಸ್ಕ್ರೀನ್‌ಶಾಟಿನ ಜೊತೆಗೆ ಅಕ್ಷರರೂಪದಲ್ಲೂ ಅಂಟಿಸಿ. ಚಿತ್ರ ನೋಡಿ ಆ ಪದವನ್ನು ಟೈಪ್ ಮಾಡಿ ಪರೀಕ್ಷಿಸಲು ಕನ್ನಡ ಬಾರದ ತಂತ್ರಜ್ಞರಿಗೆ ಆಗದು.