ಮರಳು ಅಗೆದು ಮಾಡಿಕೊಂಡ ಬಂದರು

ಮರ ಕಡಿದು ಗೊತ್ತಿಲ್ಲದವರು ದಟ್ಟ ಕಾಡಿಗೆ ಬಂದು ಕಟ್ಟಿದ ಊರು ಹಾಲೆಂಡ್. ದೇಶವಲ್ಲ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ, ಸುಮಾರು 34 ಸಾವಿರ ಜನರ ಪಟ್ಟಣ. ಮಿಷಿಗನ್ ಸರೋವರದ ಪೂರ್ವ ದಂಡೆಯ ಮರಳುದಿಬ್ಬಗಳ ಹಿಂದೆ ಮಕಟಾವಾ ಎಂಬ ನೀಳ ಕೆರೆಯಿದೆ. ಅದರ ಪೂರ್ವದ ತುದಿಗೆ, ನದಿ ಬಂದು ಸೇರುವಲ್ಲಿ, ಊರು. ಮಕಟಾವಾವೇನೂ ಚಿಕ್ಕದಲ್ಲ. ಆದರೆ ಪಕ್ಕದಲ್ಲಿರುವುದು ಆಚೆ ದಡವೇ ಕಾಣದ, ಉಪ್ಪಿಲ್ಲದ ಕಡಲು. ಅದರೆದುರು ಯಾವುದೂ ಕೆರೆಯೇ.

ನೆದರ್ಲೆಂಡ್ಸ್‌ನ ಅಧಿಕೃತ ಚರ್ಚಿನಿಂದ 1834ರಲ್ಲಿ ಸಿಡಿದು ಹೊರಬಂದವರಿಗೆ ದಂಡ, ಸೆರೆಮನೆ ತಪ್ಪಿರಲಿಲ್ಲ. ಅದರ ಮೇಲೆ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. 1846ರಲ್ಲಿ ಪಾದ್ರಿ ಆಲ್ಬರ್ಟಸ್ ವಾನ್ ರಾಲ್ಟೆ ಅವರಲ್ಲಿ ಒಂದು ಗುಂಪನ್ನು ಹಡಗು ಹತ್ತಿಸಿಕೊಂಡು ಬಂದರು. ಹೊರಟಿದ್ದು ವಿಸ್ಕಾನ್ಸಿನ್‌ಗೆ. ಚಳಿಗಾಲಕ್ಕೆ ಜಲಮಾರ್ಗ ಮುಚ್ಚಿ ಡೆಟ್ರಾಯಿಟ್‌ನಲ್ಲೇ ಉಳಿಯಬೇಕಾಯಿತು. 1847ರ ಫೆಬ್ರುವರಿಯಲ್ಲಿ ಈ ಜಾಗ ಗೊತ್ತಾಯಿತು. ಬೇಸಿಗೆ ಬಂದದ್ದೇ ಜೌಗಿನ ಜ್ವರ ಹಲವರನ್ನು ಬಲಿ ತೆಗೆದುಕೊಂಡಿತು.

ಕಾಡೇನೂ ಖಾಲಿ ಇರಲಿಲ್ಲ. ಒಟ್ಟಾವಾ ಜನರ ನೆಲೆ ಇಲ್ಲಿತ್ತು, ಜಾರ್ಜ್ ಸ್ಮಿತ್ ಎಂಬ ಪಾದ್ರಿಯ ಮಿಷನ್ ಕೂಡ. ಡಚ್ಚರ ದನ ಹಂದಿಗಳು ಅವರ ಬೆಳೆಗೆ ನುಗ್ಗಿದವು. ಮೇಪಲ್ ಮರದ ರಸ ಹಿಡಿಯಲು ಇಟ್ಟಿದ್ದ ಮರದ ದೋಣಿಗಳನ್ನು ಯಾರೋ ಬಿಟ್ಟುಹೋದವೆಂದು ವಲಸಿಗರು ಎತ್ತಿಕೊಂಡರು. 1849ರಲ್ಲಿ ಒಟ್ಟಾವಾ ಜನ ಸ್ಮಿತ್ ಜೊತೆ ಉತ್ತರಕ್ಕೆ ಹೊರಟುಹೋದರು. ಊರಿನ ಸ್ಥಾಪನೆಯ ಕಥೆ ಹೇಳುವಾಗ ಈ ಎರಡು ವರ್ಷವನ್ನು ಹಾರಿಸುವುದು ಸಲ್ಲದು.

ವಾನ್ ರಾಲ್ಟೆ ಕಣ್ಣಿಟ್ಟದ್ದು ಬಂದರಿನ ಮೇಲೆ. ಆದರೆ ಕೆರೆ ಸರೋವರವನ್ನು ಕೂಡುವ ಬಾಯಿಗೆ ಮರಳು ಕಟ್ಟಿಕೊಳ್ಳುತ್ತಿತ್ತು. ಸರ್ಕಾರದ ಹಣ ಸಾಲಲಿಲ್ಲ. ಕೊಡಲಿ ಹಿಡಿಯಲು ತಡಕಾಡಿದ್ದ ಜನ ಕಾಲುವೆ ವಿಷಯದಲ್ಲಿ ತಡಕಾಡಲಿಲ್ಲ. ಅದು ಅವರ ತವರಿನ ವಿದ್ಯೆ. ಗುದ್ದಲಿ ಹಿಡಿದು ತಾವೇ ದಾರಿ ತೋಡಿದರು.

1867ರಲ್ಲಿ ನಗರದ ಮಾನ್ಯತೆ ಸಿಕ್ಕಿತು. ನಾಲ್ಕೇ ವರ್ಷಕ್ಕೆ, 1871ರ ಅಕ್ಟೋಬರಿನಲ್ಲಿ, ಶಿಕಾಗೊ ಉರಿದ ದಿನಗಳಲ್ಲೇ ಈ ಊರಿನ ಬಹುಭಾಗವೂ ಬೂದಿಯಾಯಿತು. 1856ರಲ್ಲಿ ಕಟ್ಟಿದ ಕಂಬಗಳ ಚರ್ಚು ಉಳಿದುಕೊಂಡಿತು, ಹೋಪ್ ಕಾಲೇಜೂ.

ಪ್ರವಾಸಿಗರು ಮೇ ತಿಂಗಳಲ್ಲಿ ಟ್ಯುಲಿಪ್ ನೋಡಲು ಬರುತ್ತಾರೆ. ನನ್ನನ್ನು ಕೇಳಿದರೆ ಜನವರಿಯೇ ಸರಿ. ಪಡುವಣ ಗಾಳಿ ಸರೋವರದ ಮೇಲಿನಿಂದ ಹೊತ್ತು ತಂದ ತೇವವನ್ನೆಲ್ಲ ದಂಡೆಗೆ ಹಿಮವಾಗಿ ಸುರಿಯುತ್ತದೆ. ಎಂಟನೇ ಬೀದಿಯಲ್ಲಿ ಮಾತ್ರ ಅದು ನಿಲ್ಲುವುದಿಲ್ಲ. ವಿದ್ಯುತ್ ಸ್ಥಾವರದಲ್ಲಿ ವ್ಯರ್ಥವಾಗುವ ಶಾಖದಿಂದ ಬಿಸಿಯಾದ ನೀರು 1988ರಿಂದ ಅಲ್ಲಿನ ಕಾಲುದಾರಿಯಡಿಯ ಕೊಳವೆಗಳಲ್ಲಿ ಹರಿಯುತ್ತಿದೆ.