ಕಟ್ಟಡದ ಕೆಲಸವೂ ಕಿಡಿಯ ಭಯವೂ

ಒಲೆಯೊಳಗಿನ ಬೆಂಕಿ ಅನ್ನವಿಕ್ಕುತ್ತದೆ. ಮಾಡಿಗೇರಿದ ಬೆಂಕಿ ಮನೆಯನ್ನು ನುಂಗುತ್ತದೆ. ಇದನ್ನರಿಯದ ಗೃಹಸ್ಥನಿಲ್ಲ. ಆದುದರಿಂದಲೇ ನಮ್ಮ ಹಿಂದಿನ ಮನೆಗಳಲ್ಲಿ ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚದೆ ಮನೆಯಾಕೆಯು ಮಲಗುತ್ತಿರಲಿಲ್ಲ. ಆದರೆ ಇಂದು ಒಲೆಯ ಬೆಂಕಿಗಿಂತಲೂ ಹಲವು ಮಡಿ ತೀಕ್ಷ್ಣವಾದ ಮತ್ತೊಂದು ಬೆಂಕಿಯು ನಮ್ಮ ಊರುಗಳನ್ನು ಹೊಕ್ಕಿದೆ. ಅದು ವೆಲ್ಡಿಂಗಿನವನ, ಗ್ಯಾಸ್ ಕಟಿಂಗ್ ಮಾಡುವವನ, ಗ್ರೈಂಡರ್ ಹಿಡಿದವನ ಕೈಯಲ್ಲಿದೆ. ಅದಕ್ಕೆ ಬೂದಿ ಮುಚ್ಚುವವರು ಯಾರೆಂಬುದೇ ಇಂದಿನ ಪ್ರಶ್ನೆ.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯು ಈಗ ಕಟ್ಟುವ ಕೆಲಸದ ಸೀಮೆಯಾಗಿದೆ. ಭದ್ರಾ ಮೇಲ್ದಂಡೆ ಯೋಜನೆಗಾಗಿ ತರೀಕೆರೆಯ ಕಡೆಯಲ್ಲಿ ನೀರೆತ್ತುವ ಸ್ಥಾವರಗಳೂ ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರಿನ ಸುರಂಗವೂ ನಿರ್ಮಾಣಗೊಂಡವು. ತುಮಕೂರು–ಶಿವಮೊಗ್ಗ ಹೆದ್ದಾರಿಯು ಅಗಲವಾದಂತೆಲ್ಲ ಅದರ ಇಕ್ಕೆಲಗಳಲ್ಲಿ ಅಂಗಡಿ, ಗೋದಾಮು, ಕಲ್ಯಾಣಮಂಟಪಗಳು ಏಳುತ್ತಲಿವೆ. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದ ಅಜ್ಜಂಪುರಕ್ಕೂ ಹೊಸ ಕಟ್ಟಡಗಳು ಬೇಕಾಗಿವೆ. ಇದು ಸಂತೋಷದ ವಿಷಯವೇ. ಆದರೆ ಇದೇ ಸೀಮೆಯು ತೆಂಗು ಅಡಿಕೆಗಳ ಸೀಮೆಯೂ ಹೌದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕೊಬ್ಬರಿ, ಹಿತ್ತಲಲ್ಲಿ ರಾಶಿಬಿದ್ದ ಮಟ್ಟೆ, ತೋಟದ ಒಣಗರಿ, ಅಮೃತಮಹಲ್ ಕಾವಲುಗಳಲ್ಲಿ ಬೇಸಗೆಗೆ ಒಣಗಿ ನಿಂತ ಹುಲ್ಲು—ಇವೆಲ್ಲವೂ ಕಿಡಿಯೊಂದಕ್ಕೆ ಕಾದಿರುವ ಸೌದೆಯೇ. ಅಟ್ಟದ ಪಕ್ಕದ ಗೋಡೆಯ ಮೇಲೆ ತಗಡಿನ ಮಾಡಿಗೆ ಕಬ್ಬಿಣ ಬೆಸೆಯುವಾಗ ಇದನ್ನು ನೆನೆಯುವವರು ಎಷ್ಟು ಮಂದಿ?

ಕಿಡಿಯ ಸ್ವಭಾವವನ್ನು ಅರಿಯುವುದು ಅವಶ್ಯಕ. ಆಕ್ಸಿಜನ್–ಅಸಿಟಿಲೀನ್ ಜ್ವಾಲೆಯ ಶಾಖವು ಮೂರು ಸಾವಿರ ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುವುದು. ಕರಗಿದ ಲೋಹದ ಕಣಗಳು ನೆಲದ ಮೇಲೆ ಪುಟಿದು ಸುಮಾರು 35 ಅಡಿ, ಅಂದರೆ 11 ಮೀಟರು ದೂರದವರೆಗೂ ಹೋಗಬಲ್ಲವೆಂದು ಲೆಕ್ಕವಿಟ್ಟು ಅಷ್ಟು ಸುತ್ತಳತೆಯನ್ನು ಶುಚಿಮಾಡಬೇಕೆಂಬುದು ಅಂಗೀಕೃತವಾದ ನಿಯಮ. ಎತ್ತರದಲ್ಲಿ ಕೆಲಸ ನಡೆದರೆ ಅವು ಇನ್ನೂ ದೂರ ಬೀಳುತ್ತವೆ. ಕಿಡಿಯು ಗೋಣಿಚೀಲದ ಮಡಿಕೆಯಲ್ಲಿಯೋ ಸೆಂಟ್ರಿಂಗ್ ಹಲಗೆಗಳ ಸಂದಿಯಲ್ಲಿಯೋ ಸೇರಿ ಹೊಗೆಯೂ ಕಾಣದಂತೆ ಕನಲುತ್ತಿದ್ದು, ಕೆಲಸಗಾರರು ಮನೆಗೆ ಹೋದ ಮೇಲೆ ಉರಿಯಾಗಿ ಏಳುವುದು. ಇದೇ ಅದರ ಮೋಸ.

ಲೋಕದ ಅನುಭವವು ಇದಕ್ಕೆ ಸಾಕ್ಷಿಯಾಗಿದೆ. 1996ರಲ್ಲಿ ಜರ್ಮನಿಯ ಡಸೆಲ್‌ಡಾರ್ಫ್ ವಿಮಾನನಿಲ್ದಾಣದಲ್ಲಿ ಮೇಲಿನ ರಸ್ತೆಯ ಸಂದಿಯನ್ನು ಬೆಸೆಯುತ್ತಿದ್ದಾಗ ಕರಗಿದ ಲೋಹವು ಕೆಳಗಿನ ಹೊದಿಕೆಯ ಮೇಲೆ ತೊಟ್ಟಿಕ್ಕಿ 17 ಮಂದಿ ಮಡಿದರು. 2010ರಲ್ಲಿ ಚೀನದ ಶಾಂಘೈಯಲ್ಲಿ ದುರಸ್ತಿಯಾಗುತ್ತಿದ್ದ ಬಹುಮಹಡಿ ವಸತಿಗೃಹಕ್ಕೆ ಪರವಾನಗಿಯಿಲ್ಲದ ವೆಲ್ಡಿಂಗ್ ಕೆಲಸಗಾರರ ಕಿಡಿ ತಗಲಿ 58 ಮಂದಿ ಸತ್ತರು. ನಮ್ಮ ದೇಶದಲ್ಲಿಯೇ 2021ರ ಜನವರಿ 21ರಂದು ಪುಣೆಯ ಲಸಿಕೆ ಕಾರಖಾನೆಯ ನಿರ್ಮಾಣವಾಗುತ್ತಿದ್ದ ಕಟ್ಟಡದಲ್ಲಿ ಬೆಂಕಿಯೆದ್ದು ಐವರು ಕೂಲಿಕಾರರು ಜೀವ ತೆತ್ತರು. ವೆಲ್ಡಿಂಗಿನ ಕಿಡಿಯೇ ಕಾರಣವಿರಬಹುದೆಂಬ ಶಂಕೆ ಆಗಲೇ ಹುಟ್ಟಿತು.

ಇಂಥ ಅನಾಹುತಗಳಿಗೆ ಪ್ರತಿವಿಧಾನವಾಗಿ ಏರ್ಪಟ್ಟುದೇ ಬೆಂಕಿಕೆಲಸದ ಅನುಮತಿಪತ್ರ. ಅದು ಒಂದು ಹಾಳೆಯ ಕಾಗದ. ಯಾವ ಸ್ಥಳದಲ್ಲಿ, ಯಾವ ದಿನ, ಎಷ್ಟು ಹೊತ್ತಿನವರೆಗೆ ಕೆಲಸ ನಡೆಯತಕ್ಕದ್ದು. ಸುತ್ತಲಿನ ಸುಡುವ ಪದಾರ್ಥಗಳನ್ನು ಸರಿಸಲಾಯಿತೇ. ಸರಿಸಲಾಗದವನ್ನು ಸುಡದ ಹೊದಿಕೆಯಿಂದ ಮುಚ್ಚಲಾಯಿತೇ. ಸಿಲಿಂಡರುಗಳು ನೆಟ್ಟಗೆ ನಿಂತು ಸರಪಳಿಯಿಂದ ಕಟ್ಟಲ್ಪಟ್ಟಿವೆಯೇ. ನೀರೂ ಮರಳೂ ಬೆಂಕಿ ಆರಿಸುವ ಉಪಕರಣವೂ ಕೈಯೆಟುಕಿನಲ್ಲಿವೆಯೇ—ಇವನ್ನು ಜವಾಬ್ದಾರನಾದವನು ಕಣ್ಣಾರೆ ನೋಡಿ ರುಜು ಹಾಕಬೇಕು. ರುಜುವಿಲ್ಲದೆ ಕಿಡಿ ಹಾರಕೂಡದು. ಎಲ್ಲಕ್ಕಿಂತ ಮುಖ್ಯವಾದುದು ಕಾವಲು. ಬೇರೆ ಯಾವ ಕೆಲಸವನ್ನೂ ಹಚ್ಚದೆ ಒಬ್ಬನನ್ನು ಬೆಂಕಿ ಕಾಯುವುದಕ್ಕಾಗಿಯೇ ನಿಲ್ಲಿಸಬೇಕು. ಕೆಲಸ ಮುಗಿದ ಮೇಲೂ ಅವನು ಒಂದು ಗಂಟೆಯ ಕಾಲ ಅಲ್ಲಿಂದ ಕದಲಕೂಡದು. ನಮ್ಮ ದೇಶದಲ್ಲಿಯೂ ವೆಲ್ಡಿಂಗಿನ ಅಗ್ನಿರಕ್ಷಣೆಗೆಂದು ಐ.ಎಸ್. 3016 ಎಂಬ ಮಾನಕವು 1982ರಲ್ಲಿಯೇ ಪರಿಷ್ಕೃತವಾಗಿ ಹೊರಟಿದೆ. ತಿಳಿವಳಿಕೆಗೆ ಕೊರತೆಯಿಲ್ಲ, ಆಚರಣೆಗೆ ಕೊರತೆ.

ಕಾಯಿದೆಯಿಲ್ಲವೇ ಎಂದು ವಾಚಕರು ಕೇಳಬಹುದು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯಿದೆ ಬಂದಿತು; ಅದರ ಸ್ಥಾನದಲ್ಲಿ 2020ರ ವೃತ್ತಿಸುರಕ್ಷತೆಯ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಆದರೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಟ್ಟಡದ ಕೆಲಸವೂ, 50 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸವೂ ಕಟ್ಟಡ ಕೆಲಸವೆಂಬ ಅದರ ವ್ಯಾಖ್ಯೆಯಿಂದ ಹೊರಗಿವೆ. ನಮ್ಮ ಸಣ್ಣ ಪಟ್ಟಣಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇಂಥ ಕೆಲಸವೇ ಅಲ್ಲವೇ? ಒಬ್ಬ ಮೇಸ್ತ್ರಿ, ನಾಲ್ವರು ಆಳು, ಬಾಡಿಗೆಯ ವೆಲ್ಡಿಂಗ್ ಯಂತ್ರ. ದೊಡ್ಡ ಗುತ್ತಿಗೆದಾರನನ್ನು ಹಿಡಿಯಬಲ್ಲ ಕಾಯಿದೆಯ ಬಲೆಯಲ್ಲಿ ಈ ಸಣ್ಣ ಮೀನು ನುಸುಳಿಹೋಗುತ್ತದೆ. ಕಿಡಿಯು ಮಾತ್ರ ಆಳುಗಳ ಲೆಕ್ಕ ಹಾಕಿ ಹಾರುವುದಿಲ್ಲ.

ಈ ಕೊರತೆಯನ್ನು ತುಂಬುವುದು ಸ್ಥಳೀಯ ಸಂಸ್ಥೆಗಳ ಧರ್ಮ. ಕಟ್ಟಡದ ಲೈಸೆನ್ಸು ಕೊಡುವಾಗ ಪುರಸಭೆ, ಪಟ್ಟಣ ಪಂಚಾಯಿತಿಗಳು ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯ ಅನುಮತಿಪತ್ರವನ್ನೂ ಜೊತೆಗಿರಿಸಲಿ. ಅಗ್ನಿಶಾಮಕ ಠಾಣೆಯವರು ಬೇಸಗೆಗೆ ಮುಂಚೆ ಮೇಸ್ತ್ರಿಗಳನ್ನೂ ವೆಲ್ಡಿಂಗ್ ಅಂಗಡಿಯವರನ್ನೂ ಕರೆದು ಒಂದು ಮಧ್ಯಾಹ್ನ ಪಾಠ ಹೇಳಲಿ. ಅಕ್ಷರ ಬಾರದ ಆಳಿಗೆ ಮೇಸ್ತ್ರಿಯು ಓದಿ ಹೇಳಲಿ.

ಇದರಿಂದ ವೆಚ್ಚವೂ ವಿಳಂಬವೂ ಹೆಚ್ಚುವುವೆಂದು ಆಕ್ಷೇಪಿಸುವವರುಂಟು. ವೆಚ್ಚವೆಂದರೆ ಒಬ್ಬ ಕಾವಲುಗಾರನ ಕೂಲಿ. ವಿಳಂಬವೆಂದರೆ ಸಂಜೆಯ ಒಂದು ಗಂಟೆ. ವರ್ಷದ ಕೊಬ್ಬರಿ ಸುಟ್ಟುಹೋದ ರೈತನಿಗೆ, ದೂರದ ಊರಿನಿಂದ ಕೂಲಿಗೆ ಬಂದವನ ಶವವನ್ನು ಎದುರುನೋಡುವ ತಾಯಿಗೆ ಈ ಲೆಕ್ಕವನ್ನು ಯಾವ ಮುಖದಿಂದ ಹೇಳುವುದು? ನಾಡನ್ನು ಕಟ್ಟುವವನ ಪ್ರಾಣವು ಕಟ್ಟಡಕ್ಕಿಂತ ಅಗ್ಗವಾಗಬಾರದು. ಮನೆ ಕಟ್ಟಿಸುವ ಪ್ರತಿಯೊಬ್ಬ ಯಜಮಾನನೂ ನಾಳೆಯಿಂದಲೇ ಮೇಸ್ತ್ರಿಯನ್ನು ಒಂದು ಮಾತು ಕೇಳಲಿ: “ಕೆಲಸ ಮುಗಿಯಿತು ಸರಿ, ಬೆಂಕಿ ಕಾಯುವವನು ಎಲ್ಲಿ?”