ಗೈಡ್ ದಳ: ಶಾಲೆಯ ಅಂಗಳದಲ್ಲಿ ಹೆಣ್ಣುಮಕ್ಕಳ ನಾಯಕತ್ವದ ಅಭ್ಯಾಸ

ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಚುನಾವಣೆಗೆ ಸ್ಪರ್ಧಿಸಲು 21 ವರ್ಷ ತುಂಬಿರಬೇಕು. ಇಂದು ಗ್ರಾಮದ ಶಾಲೆಯಲ್ಲಿ ಓದುತ್ತಿರುವ 14 ವರ್ಷದ ಬಾಲಕಿಯು ಇನ್ನು 7 ವರ್ಷಗಳಲ್ಲಿ ಈ ಅರ್ಹತೆಯನ್ನು ಪಡೆಯುತ್ತಾಳೆ. ಕಾನೂನು ಆಕೆಗೆ ಸ್ಥಾನವನ್ನು ಒದಗಿಸಬಲ್ಲದು. ಆದರೆ ಸಭೆಯಲ್ಲಿ ಎದ್ದು ನಿಂತು ಮಾತನಾಡುವ ಧೈರ್ಯ, ಲೆಕ್ಕ ಕೇಳುವ ಹಾಗೂ ಲೆಕ್ಕ ಕೊಡುವ ರೂಢಿ ಎಳವೆಯ ಅಭ್ಯಾಸದಿಂದಲೇ ಬರಬೇಕು. ಅಂತಹ ಅಭ್ಯಾಸಕ್ಕೆ ಅವಕಾಶ ನೀಡುವ ಸಂಸ್ಥೆಗಳಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಒಂದು. ಅದರ ಬಾಲಕಿಯರ ವಿಭಾಗವೇ ಗೈಡ್ಸ್.

ಹಿನ್ನೆಲೆ

1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬಾಲಕರ ಸ್ಕೌಟ್ ಮೇಳ ನಡೆದಾಗ ಕರೆಯಿಲ್ಲದಿದ್ದರೂ ಕೆಲವು ಬಾಲಕಿಯರು ಅಲ್ಲಿಗೆ ಬಂದು, ತಮಗೂ ಅವಕಾಶ ಬೇಕೆಂದು ಕೇಳಿದರು. ಅವರ ಬೇಡಿಕೆಯ ಫಲವಾಗಿ 1910ರಲ್ಲಿ ಗರ್ಲ್ ಗೈಡ್ಸ್ ಸಂಸ್ಥೆ ರೂಪುಗೊಂಡಿತು. ಭಾರತದ ಮೊದಲ ಗೈಡ್ ದಳ 1911ರಲ್ಲಿ ಜಬಲ್ಪುರದಲ್ಲಿ ಆರಂಭವಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಾಪನೆಯಾಯಿತು. 1951ರಲ್ಲಿ ಗರ್ಲ್ ಗೈಡ್ಸ್ ಸಂಘಟನೆಯೂ ಅದರಲ್ಲಿ ಸೇರಿತು. ಕರ್ನಾಟಕ ರಾಜ್ಯ ಸಂಸ್ಥೆಯ ಅಡಿಯಲ್ಲಿ ಜಿಲ್ಲಾ ಸಂಸ್ಥೆಗಳೂ ಸ್ಥಳೀಯ ಸಂಸ್ಥೆಗಳೂ ಕಾರ್ಯನಿರ್ವಹಿಸುತ್ತಿವೆ. ದೊಡ್ಡಬಳ್ಳಾಪುರ ಹಾಗೂ ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲಿ ತರಬೇತಿ ಕೇಂದ್ರಗಳಿವೆ.

ದಳದ ಕಾರ್ಯವಿಧಾನ

ಚಿಕ್ಕ ಬಾಲಕಿಯರು ಬುಲ್‌ಬುಲ್, 10ರಿಂದ 17 ವರ್ಷದವರು ಗೈಡ್, ಯುವತಿಯರು ರೇಂಜರ್ ವಿಭಾಗದಲ್ಲಿರುತ್ತಾರೆ. ಗೈಡ್ ದಳವನ್ನು 6ರಿಂದ 8 ಬಾಲಕಿಯರ ಪೆಟ್ರೋಲ್ ಎಂಬ ಸಣ್ಣ ತಂಡಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ತಂಡಕ್ಕೂ ಒಬ್ಬ ನಾಯಕಿ, ಒಬ್ಬ ಸಹಾಯಕಿ. ಉಳಿದವರಿಗೂ ಕೆಲಸ ಹಂಚಿಕೆಯಾಗುತ್ತದೆ: ಒಬ್ಬಳು ಹಣದ ಲೆಕ್ಕ ಬರೆದರೆ, ಇನ್ನೊಬ್ಬಳು ಸಭೆಯ ನಡಾವಳಿ ದಾಖಲಿಸುತ್ತಾಳೆ, ಮತ್ತೊಬ್ಬಳು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನೋಡಿಕೊಳ್ಳುತ್ತಾಳೆ. ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಮಾತನಾಡದ ಬಾಲಕಿಗೂ ಇಲ್ಲಿ ತಪ್ಪಿಸಿಕೊಳ್ಳಲಾಗದ ಒಂದು ಹೊಣೆ ಇರುತ್ತದೆ.

ತಂಡಗಳ ನಾಯಕಿಯರು ಕೂಡುವ ಸಭೆಗೆ ಕೋರ್ಟ್ ಆಫ್ ಆನರ್ ಎಂದು ಹೆಸರು. ಕಾರ್ಯಕ್ರಮ, ಖರ್ಚು, ಶಿಸ್ತು ಇವೆಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಗೈಡ್ ಕ್ಯಾಪ್ಟನ್ ಆದ ಶಿಕ್ಷಕಿಯು ಸಲಹೆ ನೀಡುತ್ತಾರೆ; ಮಾತು ಮತ್ತು ತೀರ್ಮಾನ ಬಾಲಕಿಯರವು. ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯನ್ನು ಬಲ್ಲ ಸದಸ್ಯರಿಗೆ ಈ ಕ್ರಮ ಅಪರಿಚಿತವೆನಿಸದು.

ಇದರೊಂದಿಗೆ ಗಂಟು ಕಟ್ಟುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ನಕ್ಷೆ ಓದುವುದು, ಬಯಲಿನಲ್ಲಿ ಅಡುಗೆ ಮಾಡುವುದು, ಡೇರೆ ಹಾಕಿ ಶಿಬಿರದಲ್ಲಿ ತಂಗುವುದು ಮುಂತಾದವನ್ನು ಕಲಿಸಲಾಗುತ್ತದೆ. ಪ್ರವೇಶದಿಂದ ತೃತೀಯ ಸೋಪಾನದವರೆಗೆ ಹಂತ ಹಂತವಾಗಿ ಪರೀಕ್ಷೆಗಳಿದ್ದು, ಮುಂದೆ ರಾಜ್ಯ ಪುರಸ್ಕಾರ ಹಾಗೂ ರಾಷ್ಟ್ರಪತಿ ಪುರಸ್ಕಾರಗಳಿವೆ. ಮನೆಯಿಂದ ಹೊರಗೆ ಒಂದು ರಾತ್ರಿಯೂ ಉಳಿಯದ ಬಾಲಕಿಗೆ ಮೊದಲ ಶಿಬಿರವೇ ದೊಡ್ಡ ಪಾಠ.

ಎಚ್ಚರ ವಹಿಸಬೇಕಾದ ಅಂಶ

ಸಮಾರಂಭಗಳಲ್ಲಿ ಸಮವಸ್ತ್ರ ತೊಟ್ಟು ಬಿಸಿಲಿನಲ್ಲಿ ಸಾಲಾಗಿ ನಿಂತು ಅತಿಥಿಗಳಿಗೆ ಹೂಗುಚ್ಛ ನೀಡುವುದಕ್ಕಷ್ಟೇ ದಳವನ್ನು ಬಳಸಿಕೊಂಡರೆ ಅದರ ಉದ್ದೇಶವೇ ತಪ್ಪಿಹೋಗುತ್ತದೆ. ಅದರಿಂದ ಬಾಲಕಿಯರು ಕಲಿಯುವುದು ಕಾಯುವುದನ್ನು ಮಾತ್ರ. ಪಂಚಾಯಿತಿಯು ದಳವನ್ನು ಕರೆಯುವಾಗಲೆಲ್ಲ ಅವರಿಗೆ ನಿರ್ವಹಿಸಲು ಒಂದು ನಿಜವಾದ ಕೆಲಸವಿದೆಯೇ ಎಂದು ಯೋಚಿಸುವುದು ಒಳಿತು.

ಇನ್ನೊಂದು ಕೊರತೆಯೂ ಉಂಟು. ದಳಗಳು ಹೆಚ್ಚಾಗಿ ಶಾಲೆಗಳಲ್ಲಿಯೇ ಇರುವುದರಿಂದ, ಪ್ರೌಢಶಾಲೆ ದೂರವೆಂದು ಓದು ನಿಲ್ಲಿಸಿದ ಬಾಲಕಿಯು ದಳದಿಂದಲೂ ಹೊರಗುಳಿಯುತ್ತಾಳೆ. 18 ವರ್ಷ ತುಂಬುವ ಮೊದಲೇ ಮದುವೆಯ ಒತ್ತಡಕ್ಕೆ ಸಿಲುಕುವ ಸಂಭವವೂ ಅಂತಹವಳಿಗೇ ಹೆಚ್ಚು. ಶಾಲೆಗೆ ಸೇರದ ಮುಕ್ತ ದಳಗಳನ್ನು ರಚಿಸಲು ಸಂಸ್ಥೆಯಲ್ಲಿ ಅವಕಾಶವಿದೆ.

ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

1. ವ್ಯಾಪ್ತಿಯ ಶಾಲೆಗಳಲ್ಲಿ ಗೈಡ್ ದಳ ಇದೆಯೇ ಎಂಬುದನ್ನು ಮುಖ್ಯ ಶಿಕ್ಷಕರಿಂದ ತಿಳಿದುಕೊಳ್ಳುವುದು. ಇಲ್ಲದಿದ್ದಲ್ಲಿ ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಮಂಡಿಸಿ, ಆಸಕ್ತ ಶಿಕ್ಷಕಿಯೊಬ್ಬರನ್ನು ಜಿಲ್ಲಾ ಸಂಸ್ಥೆಯ ಮೂಲಕ ಮೂಲ ತರಬೇತಿಗೆ ಕಳುಹಿಸಲು ಕೋರುವುದು.
2. ಶಾಲೆ ಬಿಟ್ಟ ಬಾಲಕಿಯರಿಗಾಗಿ ಮುಕ್ತ ದಳ ರಚಿಸುವ ಬಗ್ಗೆ ಜಿಲ್ಲಾ ಸಂಸ್ಥೆಯೊಂದಿಗೆ ಚರ್ಚಿಸಿ, ವಾರದ ಸಭೆಗೆ ಪಂಚಾಯಿತಿಯ ಗ್ರಂಥಾಲಯ ಅಥವಾ ಸಮುದಾಯ ಭವನವನ್ನು ಒದಗಿಸುವುದು.
3. ಮಕ್ಕಳ ಗ್ರಾಮ ಸಭೆಯಲ್ಲಿ ಬಾಲಕಿಯರ ಶೌಚಾಲಯ, ಬಸ್ಸಿನ ವೇಳೆ, ಬೀದಿ ದೀಪ ಮುಂತಾದ ಬೇಡಿಕೆಗಳನ್ನು ತಂಡದ ನಾಯಕಿಯರೇ ಮಂಡಿಸುವಂತೆ ನೋಡಿಕೊಳ್ಳುವುದು. ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಅವರಿಗೇ ತಿಳಿಸುವುದು.
4. ಬಾಲ್ಯವಿವಾಹ ಅಥವಾ ಕಿರುಕುಳದ ಸುಳಿವು ದೊರೆತಾಗ ಬಳಸಬೇಕಾದ ಮಕ್ಕಳ ಸಹಾಯವಾಣಿ 1098ರ ಮಾಹಿತಿಯನ್ನು ಪ್ರತಿ ದಳಕ್ಕೂ ತಲುಪಿಸುವುದು.

ಬಾಲಕಿಯು ಕೇಳಿದ ಪ್ರಶ್ನೆಗೆ ಪಂಚಾಯಿತಿಯಿಂದ ಉತ್ತರ ದೊರೆತರೆ ಮುಂದಿನ ಸಭೆಗೂ ಆಕೆ ಬರುತ್ತಾಳೆ. ಉತ್ತರ ಸಿಗದಿದ್ದರೆ ದಳದಲ್ಲಿ ಕಲಿತ ಧೈರ್ಯ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಈ ತರಬೇತಿಯ ಕೊನೆಯ ಪಾಠವು ಗ್ರಾಮ ಪಂಚಾಯಿತಿಯ ಸಭಾಂಗಣದಲ್ಲಿಯೇ ನಡೆಯಬೇಕಾಗಿದೆ.